ಬ್ರೇಕಿನ ತಂತಿ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿಗೆ ಸೇರಿದ ಶಿವನಿಯು ಬೀರೂರು–ಚಿಕ್ಕಜಾಜೂರು ರೈಲುಮಾರ್ಗದಲ್ಲಿರುವ ಊರು. ಇಂತಹ ಊರುಗಳಲ್ಲಿ ಸೈಕಲ್ಲು ಬಹುಕಾಲದ ಸಂಗಾತಿ. 2006–07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿದಾಗ, ಹಳ್ಳಿಗಳ ಎಷ್ಟೋ ಮಕ್ಕಳಿಗೆ ದೂರದ ಶಾಲೆ ಹತ್ತಿರವಾಯಿತು. ಆದರೆ ಸೈಕಲ್ಲನ್ನು ಓಡಿಸಲು ಬಲ್ಲವರೆಲ್ಲರೂ ಅದನ್ನು ನಿಲ್ಲಿಸುವ ತಂತಿಯತ್ತ ಗಮನ ಕೊಡುವುದಿಲ್ಲ. ತಮ್ಮನನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಆ ತಂತಿ ಕಡಿದರೆ ಗತಿಯೇನು?

ಹಳೆಯ ಮಾದರಿಯ ದೊಡ್ಡ ಸೈಕಲ್ಲುಗಳ ಬ್ರೇಕಿಗೆ ಕಬ್ಬಿಣದ ಸರಳುಗಳುಂಟು. ಸರಳು ಕೀಲುಗಳ ನೆರವಿಲ್ಲದೆ ತಿರುವನ್ನು ದಾಟಲಾರದು. ತಂತಿಯಾದರೋ ಬಾಗಿದ ಹಾದಿಯಲ್ಲಿಯೂ ಸೆಳೆತವನ್ನು ಒಯ್ಯುತ್ತದೆ. ಇಂತಹ ತಂತಿಗೆ 1896ರಲ್ಲಿ ಪೇಟೆಂಟು ಪಡೆದವನು ಅರ್ನೆಸ್ಟ್ ಬೌಡನ್. ಇದರಲ್ಲಿ ಎರಡು ಭಾಗಗಳಿವೆ: ಉಕ್ಕಿನ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಒಳತಂತಿ, ಅದನ್ನು ಸುತ್ತುವರಿದ ಹೊರಕವಚ. ಬೆರಳು ಲಿವರನ್ನು ಒತ್ತಿದಾಗ ಒಳತಂತಿ ಎಳೆಯಲ್ಪಡುತ್ತದೆ. ಕವಚವು ಕುಗ್ಗದೆ ಎದುರುನಿಲ್ಲುತ್ತದೆ. ಆಗ ಬ್ರೇಕಿನ ರಬ್ಬರುಗಳು ರಿಮ್ಮನ್ನು ಹಿಡಿಯುತ್ತವೆ.

ತಂತಿ ಒಮ್ಮೆಗೇ ಕಡಿಯುವುದು ಅಪರೂಪ. ಲಿವರಿನ ಬಳಿಯ ಗುಂಡಿನ ಹತ್ತಿರ, ಇಲ್ಲವೆ ನಟ್ಟು ಬಿಗಿದ ಕಡೆ, ಮೊದಲು ಒಂದು ಎಳೆ ಬಿಚ್ಚಿಕೊಳ್ಳುತ್ತದೆ. ಅದೇ ಎಚ್ಚರಿಕೆ. ಒಂದೇ ಎಳೆ ಕಡಿದಿದ್ದರೂ, ತುಕ್ಕು ಹಿಡಿದು ತಂತಿ ಒರಟಾಗಿದ್ದರೂ, ಅದನ್ನು ಬದಲಾಯಿಸಬೇಕು. ತಂತಿ ಬರಿದೆ ಒಣಗಿದ್ದರೆ ಕವಚದ ಮೇಲ್ತುದಿಯಿಂದ ಎರಡು ಮೂರು ಹನಿ ಎಣ್ಣೆ ಬಿಡುವುದು ಸಾಕು. ಹೆಚ್ಚಾದ ಎಣ್ಣೆಗೆ ಧೂಳು ಅಂಟಿ ಕೆಸರಾಗುತ್ತದೆ. ರಿಮ್ಮಿಗೆ ಎಣ್ಣೆ ತಗುಲಿದರೆ ಬ್ರೇಕು ಜಾರುತ್ತದೆ.

ಹೊಸ ತಂತಿ ಹಾಕುವಾಗ ಮೊದಲು ನಟ್ಟನ್ನು ಸಡಿಲಿಸಿ ಹಳೆಯದನ್ನು ತೆಗೆಯಬೇಕು. ಕವಚವು ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಲು ಸಾಲುವಷ್ಟು ಉದ್ದವಿರಬೇಕು; ಅದರ ತುದಿ ಸಮನಾಗಿ ಕತ್ತರಿಸಿರಬೇಕು. ಗುಂಡನ್ನು ಲಿವರಿನಲ್ಲಿ ಕೂರಿಸಿ, ತಂತಿಯನ್ನು ಕವಚದೊಳಗೆ ಹಾಯಿಸಿ, ರಬ್ಬರಿಗೂ ರಿಮ್ಮಿಗೂ ಎರಡು ಮೂರು ಮಿಲಿಮೀಟರ್ ಅಂತರವಿರುವಂತೆ ಎಳೆದು ನಟ್ಟನ್ನು ಬಿಗಿಯಬೇಕು. ಅನಂತರ ಲಿವರನ್ನು ಹತ್ತಾರು ಬಾರಿ ಬಲವಾಗಿ ಒತ್ತಿದರೆ ತಂತಿ ಸಡಿಲವಾಗುವುದುಂಟು. ಆಗ ಮತ್ತೆ ಎಳೆದು ಬಿಗಿಯಬೇಕು. ಉಳಿದ ತುದಿಗೆ ಲೋಹದ ಟೋಪಿ ಹಾಕಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ.

ಗೇರುಳ್ಳ ಸೈಕಲ್ಲುಗಳಲ್ಲಿ ಇನ್ನೊಂದು ತಂತಿಯುಂಟು. ಅದು ಬ್ರೇಕಿನ ತಂತಿಗಿಂತ ತೆಳು. ಅದರ ಕವಚದಲ್ಲಿ ಸಾಮಾನ್ಯವಾಗಿ ಉಕ್ಕಿನ ಎಳೆಗಳು ಉದ್ದಕ್ಕೆ ಜೋಡಿಸಲ್ಪಟ್ಟಿರುತ್ತವೆ. ಬ್ರೇಕಿನ ಕವಚದಲ್ಲಿ ಅವು ಸುರುಳಿಯಾಗಿ ಸುತ್ತಿರುತ್ತವೆ. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ, ಬಲವಾಗಿ ಒತ್ತಿದ ಗಳಿಗೆಯಲ್ಲಿಯೇ ಅದು ಸೀಳಬಹುದು. ಆದುದರಿಂದ ಒಂದರ ಬದಲಿಗೆ ಮತ್ತೊಂದು ಸಲ್ಲದು.

ಕೆಲಸ ಮುಗಿದ ಮೇಲೆ ಸೈಕಲ್ಲನ್ನು ಏರದೆ, ತಳ್ಳಿಕೊಂಡು ನಡೆದು, ಎರಡು ಬ್ರೇಕುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಚಕ್ರ ನಿಂತರೆ ಮಾತ್ರ ಹತ್ತಬೇಕು. ವಾರಕ್ಕೊಮ್ಮೆ ಐದು ನಿಮಿಷ ತಂತಿಯನ್ನು ನೋಡುವ ವಿದ್ಯಾರ್ಥಿಯು ತನ್ನನ್ನು ಮಾತ್ರವಲ್ಲ, ಹಿಂದೆ ಕುಳಿತ ತಮ್ಮನನ್ನೂ ದಾರಿಯಲ್ಲಿ ಎದುರಾಗುವವರನ್ನೂ ಕಾಯುತ್ತಾನೆ.

ಅಭ್ಯಾಸ
1. ಬ್ರೇಕಿನಲ್ಲಿ ಒಳತಂತಿ ಮತ್ತು ಹೊರಕವಚಗಳ ಕಾರ್ಯವೇನು?
2. ತಂತಿಯನ್ನು ಬದಲಾಯಿಸಬೇಕೆಂದು ಯಾವ ಗುರುತುಗಳಿಂದ ತಿಳಿಯಬಹುದು?
3. ಗೇರಿನ ಕವಚವನ್ನು ಬ್ರೇಕಿಗೆ ಏಕೆ ಬಳಸಬಾರದು?