ಮಾಲೀಕರ ಪಾಲಿನ ಅರ್ಧ

ಶಿಕಾರಿಪುರದ ಒಂದು ಸೆಲೂನಿನಲ್ಲಿ ಒಂಬತ್ತು ವರ್ಷ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡಿದವನು ನಾನು. ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಎಳೆದು ಮಾಲೀಕರು ಗಲ್ಲಾ ತೆಗೆಯುತ್ತಿದ್ದರು. ನನ್ನ ಕುರ್ಚಿಯ ದುಡಿಮೆ ಎಣಿಸಿ, ನೋಟುಗಳನ್ನು ಎರಡು ಪಾಲು ಮಾಡಿ, ಒಂದನ್ನು ಕನ್ನಡಿ ಕೆಳಗಿನ ಹಲಗೆಯ ಮೇಲೆ ನನ್ನ ಕಡೆಗೆ ಸರಿಸುತ್ತಿದ್ದರು. ಅರ್ಧ ಅವರಿಗೆ, ಅರ್ಧ ನನಗೆ. 2019ರಲ್ಲಿ ನಮ್ಮಲ್ಲಿ ಕಟಿಂಗಿಗೆ 80, ಶೇವಿಂಗಿಗೆ 40 ರೂಪಾಯಿ. ನನ್ನ ಕುರ್ಚಿಗೆ ದಿನಕ್ಕೆ ಸರಾಸರಿ 1,000 ಬೀಳುತ್ತಿತ್ತು. ಮಂಗಳವಾರದ ರಜೆ ಕಳೆದು ತಿಂಗಳಿಗೆ 26 ದಿನ ಹಿಡಿದರೆ ನನ್ನ ಪಾಲು 13,000. ಇನ್ನೊಂದು 13,000ದ ಮೇಲೆ ನನ್ನ ಕಣ್ಣಿತ್ತು. ಕೈ ನನ್ನದು, ಕತ್ತರಿ ನನ್ನದು, ಗಿರಾಕಿಗಳು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಸ್ವಂತ ಅಂಗಡಿ ಇಟ್ಟರೆ ಪೂರ್ತಿ 26,000 ಮನೆಗೆ ಬರುತ್ತದೆ ಅಂದುಕೊಂಡೆ.

ಕೆಲಸ ಬಿಡುತ್ತೇನೆ ಅಂದ ದಿನ ಮಾಲೀಕರು ಒಂದು ಛಾಪಾ ಕಾಗದ ತಂದಿಟ್ಟರು. ಈ ಊರಿನಲ್ಲಿ ಐದು ವರ್ಷ ಅಂಗಡಿ ಇಡಬಾರದು ಅಂತ ಅದರಲ್ಲಿತ್ತು. ಅವರ ಹತ್ತಿರ ಮುಂಗಡ ಅಂತ ತೆಗೆದುಕೊಂಡ 12,000 ಇನ್ನೂ ತೀರಿರಲಿಲ್ಲ, ಸಹಿ ಹಾಕಿಬಿಟ್ಟೆ. ಬಹಳ ದಿನ ಕಳೆದ ಮೇಲೆ ಒಬ್ಬ ವಕೀಲರು ಬಿಡಿಸಿ ಹೇಳಿದರು: ಕೆಲಸ ಬಿಟ್ಟವನು ತನ್ನ ಕಸುಬು ನಡೆಸದಂತೆ ತಡೆಯುವ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಅನೂರ್ಜಿತ. ಮುಂಗಡದ ಸಾಲ ಮಾತ್ರ ಸಾಲವೇ. ಅದನ್ನು ಬಿಡಿಗಾಸಿನವರೆಗೆ ತೀರಿಸಿ, ತೀರಿತು ಅಂತ ಬರೆಸಿಕೊಂಡೇ ಹೊರಗೆ ಬರಬೇಕು. ಅವತ್ತು ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೆಂಡತಿಯ ತವರು ಸೊರಬ. ಅಲ್ಲಿಯೇ ಮಳಿಗೆ ಹುಡುಕಿದೆ.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಅದೇನು ದೊಡ್ಡ ದೂರವಲ್ಲ. "ಅಣ್ಣಾ, ನೀನೆಲ್ಲಿಗೆ ಹೋದ್ರೂ ನಾವು ಅಲ್ಲಿಗೇ ಬರ್ತೀವಿ" ಅಂತ ಹೇಳಿದವರು ನಲವತ್ತು ಮಂದಿಯಾದರೂ ಇದ್ದರು. ಬಂದವರು ಇಬ್ಬರು, ಅದೂ ಸೊರಬದಲ್ಲಿ ಬೇರೆ ಕೆಲಸವಿದ್ದಾಗ. ಅವರದು ತಪ್ಪಲ್ಲ. 80 ರೂಪಾಯಿಯ ಕಟಿಂಗಿಗೆ ಬಸ್ ಚಾರ್ಜ್ ಕೊಟ್ಟುಕೊಂಡು ಯಾರು ಬರುತ್ತಾರೆ? ಗಿರಾಕಿ ಕೈಗುಣ ನೋಡುತ್ತಾನೆ ನಿಜ, ಅದಕ್ಕಿಂತ ಮೊದಲು ಅಂಗಡಿ ತನ್ನ ದಾರಿಯಲ್ಲಿದೆಯೇ ಅಂತ ನೋಡುತ್ತಾನೆ.

ಅಂಗಡಿಗೆ ಬಿದ್ದ ಖರ್ಚು ಇದು. ಮಳಿಗೆಗೆ ಅಡ್ವಾನ್ಸ್ 60,000. ಎರಡು ಕುರ್ಚಿಗೆ 28,000. ಕನ್ನಡಿ, ಪ್ಲೈವುಡ್ ಕೆಲಸಕ್ಕೆ 32,000. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಇನ್ವರ್ಟರ್, ಬ್ಯಾಟರಿಗೆ 22,000. ಸಿಂಕು, ನಲ್ಲಿ, ಟೈಲ್ಸಿಗೆ 11,000. ಟ್ರಿಮ್ಮರ್, ಕತ್ತರಿಗಳಿಗೆ 9,000. ಬೋರ್ಡು, ಬಣ್ಣಕ್ಕೆ 8,000. ಒಟ್ಟು 1,70,000. ಉಳಿತಾಯದ 90,000, ಮುದ್ರಾ ಯೋಜನೆಯ ಶಿಶು ಸಾಲ 50,000, ಹೆಂಡತಿಯ ಸರ ಅಡವಿಟ್ಟ 40,000 ಸೇರಿ ಕೈಯಲ್ಲಿದ್ದದ್ದು 1,80,000. ಬಾಗಿಲು ತೆರೆದ ದಿನ ಉಳಿದದ್ದು 10,000. ನಾನು ಮಾಡಿದ ದೊಡ್ಡ ತಪ್ಪು ಇದೇ. ಕುರ್ಚಿ ಎರಡರ ಬದಲು ಒಂದಿದ್ದರೆ ಸಾಕಿತ್ತು, ಕನ್ನಡಿಯೂ ಚಿಕ್ಕದಿದ್ದರೆ ನಡೆಯುತ್ತಿತ್ತು. ಆರು ತಿಂಗಳ ಬಾಡಿಗೆ ಮತ್ತು ಮನೆಯ ದಿನಸಿಗೆ ಬೇಕಾದ ದುಡ್ಡು ಬೇರೆ ಇರಲೇಬೇಕಿತ್ತು.

ತೆರೆದ ಹೊತ್ತೂ ಸರಿಯಿರಲಿಲ್ಲ. 2019ರ ನವೆಂಬರ್, ದೀಪಾವಳಿ ಆಗಷ್ಟೇ ಮುಗಿದಿತ್ತು. ಊರಿನವರೆಲ್ಲ ಹಬ್ಬಕ್ಕೆ ಕಟಿಂಗ್ ಮಾಡಿಸಿಕೊಂಡಾಗಿತ್ತು. ಹಿಂದೆಯೇ ಅಯ್ಯಪ್ಪನ ಮಾಲೆಯ ಕಾಲ ಶುರುವಾಯಿತು. ವ್ರತ ಮುಗಿಯುವವರೆಗೆ ಮಾಲಾಧಾರಿಗಳು ಕೂದಲು, ಗಡ್ಡಕ್ಕೆ ಕತ್ತರಿ ಮುಟ್ಟಿಸುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ ಬಿದ್ದದ್ದು 450. ತಿಂಗಳಿಗೆ 11,700. ಅದರಲ್ಲಿ ಬಾಡಿಗೆ 4,500, ಕರೆಂಟು 700, ಬ್ಲೇಡು, ಕ್ರೀಮು, ಪೌಡರು, ಡೈಗೆ 1,900, ಟವೆಲ್ ಒಗೆತಕ್ಕೆ 600, ಮುದ್ರಾ ಕಂತು 1,650, ಅಡವಿನ ಬಡ್ಡಿ 350. ಮನೆಗೆ ಉಳಿದದ್ದು 2,000.

ಮಾಲೀಕರ ಪಾಲಿನ ಅರ್ಧ ಎಲ್ಲಿಗೆ ಹೋಗುತ್ತಿತ್ತು ಅಂತ ಆಗ ಕಣ್ಣಿಗೆ ಕಂಡಿತು. ಒಂದು ಶೇವಿಂಗನ್ನೇ ನೋಡಿ. ಬ್ಲೇಡನ್ನು ಕಾಗದದ ಸಮೇತ ಮಡಚಿ ಎರಡು ತುಂಡು ಮಾಡಿ, ಒಂದು ತುಂಡನ್ನು ಗಿರಾಕಿಯ ಕಣ್ಣೆದುರೇ ಹಿಡಿಗೆ ಸೇರಿಸುತ್ತೇವೆ. ಆಮೇಲೆ ಕ್ರೀಮು, ಲೋಷನ್, ಒಂದು ಚಿಟಿಕೆ ಪೌಡರು, ಒಗೆದ ಟವೆಲ್ಲು. ಬಿಡಿಬಿಡಿಯಾಗಿ ಎಲ್ಲವೂ ಪೈಸೆ ಲೆಕ್ಕ. ತಿಂಗಳ ಕೊನೆಗೆ ಬಿಲ್ಲು ಕೈಗೆ ಬಂದಾಗ ಸಾವಿರದ ಲೆಕ್ಕ. ಅಂಗಡಿಯ ಮೀಟರಿಗೆ ಮೆಸ್ಕಾಂ ಹಾಕುವುದು ವಾಣಿಜ್ಯ ದರ. ಮನೆಗೆ 200 ಯೂನಿಟ್‌ವರೆಗೆ ಉಚಿತ ಕೊಡುವ ಗೃಹಜ್ಯೋತಿ ಈಗ ಬಂದಿದ್ದರೂ ಅದು ಅಂಗಡಿಗೆ ಇಲ್ಲ. 2022ರ ಬೇಸಿಗೆಯಲ್ಲಿ ನನ್ನ ಕುರ್ಚಿಯೂ ದಿನಕ್ಕೆ 1,000 ಮುಟ್ಟಿತು. ಖರ್ಚು, ಕಂತು ಎಲ್ಲ ಸೇರಿ 11,500 ಕಳೆದರೆ ಉಳಿದದ್ದು 14,500. ಕೆಲಸದವನಾಗಿ ತರುತ್ತಿದ್ದುದಕ್ಕಿಂತ 1,500 ಮಾತ್ರ ಹೆಚ್ಚು.

ಅದಕ್ಕೂ ಮೊದಲು ಲಾಕ್‌ಡೌನ್ ದಾಟಬೇಕಾಯಿತು. 2020ರ ಮಾರ್ಚ್ 25ಕ್ಕೆ ಯುಗಾದಿ. ಹಬ್ಬದ ಹಿಂದಿನ ಭಾನುವಾರ ಅಂದರೆ ನಮ್ಮ ಕಸುಬಿನಲ್ಲಿ ಸುಗ್ಗಿ. ಆ ಭಾನುವಾರವೇ, 22ರಂದು, ಜನತಾ ಕರ್ಫ್ಯೂ. ಹಾಕಿದ ಶಟರ್ ಮತ್ತೆ ಎತ್ತಿದ್ದು ಮೇ 19ಕ್ಕೆ. ಅವತ್ತು ಮಂಗಳವಾರ, ರಜೆಯ ದಿನವಾದರೂ ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆದೆ. ನಡುವೆ 58 ದಿನ ಒಂದು ಕಾಸಿನ ದುಡಿಮೆ ಇಲ್ಲ. ಶಿಕಾರಿಪುರದವರೇ ಆದ ಯಡಿಯೂರಪ್ಪನವರು ಆಗ ಮುಖ್ಯಮಂತ್ರಿ. ರಾಜ್ಯದ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿದರು. ನಮ್ಮ ಕಸುಬನ್ನು ಸರ್ಕಾರ ಹೆಸರು ಹಿಡಿದು ನೆನೆದದ್ದು ದೊಡ್ಡ ಮಾತೇ. ಆದರೆ ಅದು ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಬಾಡಿಗೆಗೆ ಸಮ. ಮಳಿಗೆಯ ಯಜಮಾನರು ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರು. ಸಾಲದ ಕಂತನ್ನು ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಮುಂದೂಡಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ಅಕ್ಕಿ ಮಾವನ ಮನೆಯಿಂದ ಬಂತು.

ಆ ದಿನಗಳಲ್ಲಿ ಅಪ್ಪನ ಕಣಜ ಬಹಳ ನೆನಪಾಗುತ್ತಿತ್ತು. ಅಪ್ಪ ಊರಲ್ಲಿ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದರು. ಕೈಗೆ ಕಾಸು ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಬ್ಬೊಬ್ಬರೂ ಇಷ್ಟು ಕೊಳಗ ಅಂತ ಆಯದ ಭತ್ತ ಅಳೆದು ಕೊಡುತ್ತಿದ್ದರು. ವರ್ಷಕ್ಕೊಮ್ಮೆಯ ಸಂಬಳ. ಅಪ್ಪ ಅದನ್ನು ಹಲಗೆಯ ಕಣಜಕ್ಕೆ ತುಂಬಿ, ಒಳಮೈಗೆ ಇದ್ದಿಲಿನಿಂದ ಮೂರು ಗೆರೆ ಎಳೆಯುತ್ತಿದ್ದರು. ಯುಗಾದಿಗೆ ಭತ್ತ ಮೊದಲ ಗೆರೆಗಿಂತ ಕೆಳಗಿಳಿಯಬಾರದು, ಮಳೆ ಹಿಡಿಯುವಾಗ ಎರಡನೆಯದು, ಚೌತಿಗೆ ಮೂರನೆಯದು. ಇಳಿದರೆ ಮನೆಯಲ್ಲಿ ಒಂದು ಹೊತ್ತು ಗಂಜಿ. ಶಾಲೆಗೆ ಹೋಗದ ಅಪ್ಪನಿಗೆ ಹನ್ನೆರಡು ತಿಂಗಳ ಲೆಕ್ಕವಿತ್ತು. ದಿನಾ ರಾತ್ರಿ ನೋಟು ನೋಡುತ್ತಿದ್ದ ನನಗೆ ಅವತ್ತಿನ ಲೆಕ್ಕವಷ್ಟೇ ಇತ್ತು. ನಾಟಿಯ ಮಳೆಯಲ್ಲಿ ಹಳ್ಳಿಯವರು ಪೇಟೆಗೆ ಬರುವುದಿಲ್ಲ, ಮಾಲೆಯ ಕಾಲ ಬೇರೆ, ಅಮಾವಾಸ್ಯೆ ಬೇರೆ. ಮದುವೆ, ಜಾತ್ರೆ, ಹಬ್ಬದ ತಿಂಗಳುಗಳು ಇವನ್ನೆಲ್ಲ ಸಾಕಬೇಕು.

ಈಗ ನಾನೂ ಗೆರೆ ಎಳೆದಿದ್ದೇನೆ. ದಿನಕ್ಕೆ 600 ನನ್ನ ಕೂಲಿ, ಅಷ್ಟು ಮಾತ್ರ ಮನೆಗೆ. ಹಬ್ಬದ ಭಾನುವಾರ 3,000 ಬಿದ್ದರೂ ಕೂಲಿ 600ನ್ನು ದಾಟುವುದಿಲ್ಲ. ಸಂಜೆ ಪಿಗ್ಮಿಯವರು ಬಂದಾಗ 150 ಕಟ್ಟುತ್ತೇನೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಈ ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲಿ ಪಡೆಯುತ್ತಿದ್ದರಂತೆ. ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಉಪಾಯ ನಾನಂತೂ ಕಂಡಿಲ್ಲ. ಸ್ಕ್ಯಾನ್ ಮಾಡಿ ಕೊಡುವ ದುಡ್ಡಿಗೆ ಬೇರೆ ಖಾತೆಯೇ ಇದೆ. ಸ್ಕ್ಯಾನರ್ ಇಟ್ಟರೆ ತೆರಿಗೆಯವರು ಬರುತ್ತಾರೆ ಅಂತ ಹೆದರುವವರಿಗೆ ಒಂದು ಮಾತು: ಸೇವೆಯ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ದಿನಕ್ಕೆ ಸಾವಿರ ದುಡಿಯುವ ಕುರ್ಚಿ ವರ್ಷಕ್ಕೆ ದುಡಿಯುವುದು 3,12,000.

ಸಾಲ ಬೇಕೇ ಬೇಕು ಅನ್ನುವವರು ವಾರದ ಬಡ್ಡಿಯವರ ಹತ್ತಿರ ಹೋಗಬೇಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಇದೆ. ತರಬೇತಿಯ ಜೊತೆಗೆ ಸಲಕರಣೆಗೆ 15,000 ರೂಪಾಯಿಯ ವೋಚರ್, ಮೊದಲ ಹಂತದಲ್ಲಿ ಶೇಕಡಾ 5ರ ಬಡ್ಡಿಗೆ 1 ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕವೇ ಇಲ್ಲ.

ಎರಡನೇ ಕುರ್ಚಿಯಲ್ಲಿ ಈಗ ಒಬ್ಬ ಹುಡುಗನಿದ್ದಾನೆ. ದುಡಿದದ್ದರಲ್ಲಿ ನೂರಕ್ಕೆ 60 ಅವನಿಗೆ, 40 ಅಂಗಡಿಗೆ. ತಿಂಗಳ ಖರ್ಚಿನ ಪುಸ್ತಕ ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದೆ, ಅವನೂ ಓದುತ್ತಾನೆ. ಮೊನ್ನೆ ಬಂದು, "ಅಣ್ಣಾ, ಆನವಟ್ಟಿಲಿ ಒಂದು ಮಳಿಗೆ ನೋಡಿದೀನಿ" ಅಂದ. ಛಾಪಾ ಕಾಗದದ ಮಾತು ನಾನೆತ್ತಲಿಲ್ಲ. ಬಾಡಿಗೆ ಎಷ್ಟು, ಕೈಯಲ್ಲಿ ಎಷ್ಟಿದೆ ಅಂತ ಕೇಳಿದೆ. ಅವನ ಪಿಗ್ಮಿಯಲ್ಲಿ ನಾಲ್ಕು ತಿಂಗಳ ಬಾಡಿಗೆಯಷ್ಟು ಕೂಡಿದೆ. ಇನ್ನೆರಡು ತಿಂಗಳದ್ದು ಕೂಡಿದ ಮೇಲೆ ನಾನೇ ಜೊತೆಗೆ ಹೋಗಿ ಅಡ್ವಾನ್ಸ್ ಕೊಡಿಸಿ ಬರುತ್ತೇನೆ.