ಅಂಕಿತ ಹಾಕದ ಮೂವರು

ಕ್ರಿ.ಶ. 1787ನೆಯ ಇಸವಿಯ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾ ನಗರದಲ್ಲಿ ನಡೆದ ಮಹಾಸಭೆಯು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸಂವಿಧಾನವನ್ನು ರಚಿಸಿತು. ಹದಿಮೂರು ಸಂಸ್ಥಾನಗಳ ಪೈಕಿ ಹನ್ನೆರಡರಿಂದ 55 ಮಂದಿ ಅಲ್ಲಿಗೆ ಬಂದಿದ್ದರು. ರೋಡ್ ಐಲೆಂಡ್ ಮಾತ್ರ ಯಾರನ್ನೂ ಕಳುಹಿಸಲಿಲ್ಲ. ಕೊನೆಗೆ ಗ್ರಂಥದ ಮೇಲೆ ಬಿದ್ದವು 39 ಪ್ರತಿನಿಧಿಗಳ ಅಂಕಿತಗಳು. ಅವರ ಕೀರ್ತಿ ಸರ್ವವಿದಿತ. ಆದರೆ ಅಂದು ಸಭೆಯಲ್ಲಿದ್ದೂ ಲೇಖನಿಯನ್ನು ಮುಟ್ಟದವರು ಮೂವರುಂಟು: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್ ಮತ್ತು ಎಲ್‌ಬ್ರಿಜ್ ಗೆರಿ. ವಿದ್ಯಾರ್ಥಿಗಳು ಇವರನ್ನೂ ಅರಿಯತಕ್ಕದ್ದು.

ಮೇಸನ್ ಸಾಮಾನ್ಯನಲ್ಲ. ವರ್ಜೀನಿಯಾ ಸಂಸ್ಥಾನವು 1776ರಲ್ಲಿ ಹೊರಡಿಸಿದ ಹಕ್ಕುಗಳ ಘೋಷಣೆಯ ಮುಖ್ಯ ಕರ್ತೃ ಈತನೇ. ಪ್ರಭುತ್ವಕ್ಕೆ ಇಷ್ಟೊಂದು ಬಲವನ್ನೀಯುವ ಗ್ರಂಥದಲ್ಲಿ ಪ್ರಜೆಯ ಹಕ್ಕುಗಳ ಪಟ್ಟಿಯೇ ಇಲ್ಲವಲ್ಲ ಎಂಬುದು ಆತನ ಆಕ್ಷೇಪ. ಸೆಪ್ಟೆಂಬರ್ 12ರಂದು ಆತನು ಈ ಮಾತನ್ನೆತ್ತಿ, ಸಂಸ್ಥಾನಗಳ ಘೋಷಣೆಗಳನ್ನು ಎದುರಿಗಿಟ್ಟುಕೊಂಡರೆ ಕೆಲವೇ ಗಂಟೆಗಳಲ್ಲಿ ಪಟ್ಟಿ ಸಿದ್ಧವಾದೀತೆಂದನು. ಗೆರಿ ಸೂಚನೆಯನ್ನು ಮಂಡಿಸಿದನು, ಮೇಸನ್ ಅನುಮೋದಿಸಿದನು. ಸಂಸ್ಥಾನಗಳ ಘೋಷಣೆಗಳೇ ಸಾಕೆಂದು ಕನೆಕ್ಟಿಕಟ್ಟಿನ ರೋಜರ್ ಷರ್ಮನ್ ವಾದಿಸಿದನು. ಒಂದು ಸಂಸ್ಥಾನವಾದರೂ ಸೂಚನೆಯ ಪರವಾಗಿ ಮತ ನೀಡಲಿಲ್ಲ. ನಾಲ್ಕು ತಿಂಗಳ ಚರ್ಚೆಯಿಂದ ಬಳಲಿದವರಿಗೆ ಮನೆಯ ದಾರಿಯೇ ಕಾಣುತ್ತಿದ್ದರೆ ಸೋಜಿಗವಿಲ್ಲ.

ಮೇಸನ್‌ನ ಹಿರಿಮೆಯಲ್ಲಿಯೂ ಒಂದು ಕಲೆಯುಂಟು. ಗುಲಾಮರ ಆಮದನ್ನು ಅದೇ ಸಭೆಯಲ್ಲಿ ಕಟುವಾಗಿ ಖಂಡಿಸಿದ ಈತನ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರೇ. ಆತನು ಬಯಸಿದ ಹಕ್ಕುಗಳು ಅವರವರೆಗೆ ಮುಟ್ಟುವಂಥವಾಗಿರಲಿಲ್ಲ.

ಸಭೆ ತಳ್ಳಿಹಾಕಿದ ಮಾತನ್ನು ಜನರು ಬಿಡಲಿಲ್ಲ. ಹಲವು ಸಂಸ್ಥಾನಗಳು ತಿದ್ದುಪಡಿಗಳನ್ನು ಸೂಚಿಸಿಯೇ ಒಪ್ಪಿಗೆಯಿತ್ತವು. ವರ್ಜೀನಿಯಾದಲ್ಲಿ 1788ರ ಜೂನ್ ತಿಂಗಳಿನಲ್ಲಿ 89 ಮತಗಳು ಪರ, 79 ವಿರೋಧ. ಅಷ್ಟರಲ್ಲಿ ರಾಂಡಾಲ್ಫ್ ಮನಸ್ಸು ಬದಲಿಸಿ ಪರಪಕ್ಷವನ್ನು ಸೇರಿದ್ದನು. ಇಂತಹ ಪಟ್ಟಿ ಅನಗತ್ಯವೆಂದು ಬಗೆದಿದ್ದ ಜೇಮ್ಸ್ ಮ್ಯಾಡಿಸನ್ನನೇ 1789ರ ಜೂನ್ 8ರಂದು ಪ್ರಥಮ ಕಾಂಗ್ರೆಸ್ಸಿನಲ್ಲಿ ತಿದ್ದುಪಡಿಗಳನ್ನು ಮಂಡಿಸಿದನು. ಮೊದಲು ಪಟ್ಟಿಯೇ ಬೇಡವೆಂದವನು ಆಮೇಲೆ ತಾನೇ ಅದನ್ನು ಹೊತ್ತು ತಂದುದು ಸಣ್ಣ ಗುಣವಲ್ಲ. ಅವುಗಳನ್ನು ಗ್ರಂಥದ ನಡುವೆ ಹೆಣೆಯಬೇಕೆಂಬುದು ಆತನ ಇಚ್ಛೆ. ಕೊನೆಯಲ್ಲಿ ಸೇರಿಸಬೇಕೆಂಬುದು ಷರ್ಮನ್ನನ ಹಟ. ಷರ್ಮನ್ನನೇ ಗೆದ್ದನು. (1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದಲ್ಲಾದರೋ ಮೂಲಭೂತ ಹಕ್ಕುಗಳು ಆದಿಯಿಂದಲೇ ಮೂರನೆಯ ಭಾಗವಾಗಿವೆ.)

ಕಾಂಗ್ರೆಸ್ಸು ಕಳುಹಿಸಿದ 12 ತಿದ್ದುಪಡಿಗಳಲ್ಲಿ 10 ತಿದ್ದುಪಡಿಗಳು 1791ರ ಡಿಸೆಂಬರ್ 15ರಂದು ಊರ್ಜಿತವಾದವು. ಮಿಕ್ಕವುಗಳಲ್ಲಿ ಸದಸ್ಯರ ವೇತನವನ್ನು ಕುರಿತುದು 1992ರವರೆಗೂ ಕಾಯಬೇಕಾಯಿತು. ಮೇಸನ್ 1792ರ ಅಕ್ಟೋಬರ್ ತಿಂಗಳಿನಲ್ಲಿ, ತಾನು ಕೇಳಿದ ಪಟ್ಟಿ ಊರ್ಜಿತವಾದ ಹತ್ತು ತಿಂಗಳಿಗೆ, ತೀರಿಕೊಂಡನು.