ಪ್ರಯೋಗಶಾಲೆಯ ವಿಷಜಲ: ಅದರ ವಿಲೇವಾರಿಯ ವಿಚಾರ

ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆಯೇ ಗರಡಿಮನೆ. ಗ್ರಂಥದಲ್ಲಿ ಓದಿದುದನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ ತಿಳಿಯುವ ಸ್ಥಳವದು. ಅಲ್ಲಿಗೆ ಬರುವ ಪದಾರ್ಥಗಳ ವಿಷಯದಲ್ಲಿ ಎಲ್ಲರಿಗೂ ಬಹಳ ಎಚ್ಚರಿಕೆಯಿದೆ. ಸೀಸೆಗೆ ಚೀಟಿಯುಂಟು, ಕಪಾಟಿಗೆ ಬೀಗವುಂಟು, ಒಂದೊಂದು ಗ್ರಾಮಿಗೂ ದಾಸ್ತಾನು ಪುಸ್ತಕದಲ್ಲಿ ಲೆಕ್ಕವುಂಟು. ಆದರೆ ಅಲ್ಲಿಂದ ಹೊರಗೆ ಹೋಗುವ ಪದಾರ್ಥಗಳಿಗೆ ಯಾವ ಪುಸ್ತಕವೂ ಇಲ್ಲ. ಪ್ರಯೋಗ ಮುಗಿದೊಡನೆ ನಳಿಗೆಯಲ್ಲಿದ್ದುದು ತೊಟ್ಟಿಯ ಪಾಲು. ತೊಟ್ಟಿಗೆ ಬಿದ್ದುದು ಕಣ್ಣಿಗೆ ಮರೆ. ಈ ಮರೆಯಾದ ನೀರು ಎಲ್ಲಿ ಹೋಗುತ್ತದೆ, ಅದನ್ನು ಹೇಗೆ ನಿರ್ವಹಿಸಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ಕಲಾವಿಭಾಗದ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದಾಗಿ ವಿನಂತಿ. ಕೊಳವೆಬಾವಿಯ ನೀರು ಕುಡಿಯುವಾಗ ಕಲೆ, ವಿಜ್ಞಾನವೆಂಬ ಭೇದವಿಲ್ಲ.

ಮೊದಲು ಆ ನೀರಿನಲ್ಲಿ ಏನಿದೆಯೆಂಬುದನ್ನು ನೋಡೋಣ. ಲವಣಗಳ ಪೃಥಕ್ಕರಣ ಮಾಡುವಾಗ ಸೀಸ, ಬೇರಿಯಂ, ತಾಮ್ರ, ನಿಕಲ್ ಮೊದಲಾದವುಗಳ ಲವಣಗಳನ್ನು ಬಳಸುತ್ತೇವೆ. ಅಮೋನಿಯ ಪರೀಕ್ಷೆಗೆ ಬರುವ ನೆಸ್ಲರ್ ದ್ರಾವಣದಲ್ಲಿ ಪಾದರಸವಿದೆ. ಅನುಮಾಪನದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟಿದೆ. ಇಂಗಾಲದ ಸಂಯುಕ್ತಗಳ ಕಡೆಗೆ ಬಂದರೆ ಅಸಿಟೋನ್, ಬೆಂಜೀನ್, ಕ್ಲೋರೋಫಾರ್ಮ್, ಅನಿಲೀನ್ ಇವೆ. ಇವುಗಳಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲಗಳು ಪರಸ್ಪರ ಕೂಡಿ ಶಾಂತವಾಗುತ್ತವೆ. ಆದರೆ ಸೀಸ, ಪಾದರಸ, ಕ್ರೋಮಿಯಂಗಳು ಧಾತುಗಳು. ಧಾತುವಿಗೆ ರೂಪಾಂತರವುಂಟೇ ಹೊರತು ನಾಶವಿಲ್ಲ. ನೀರು ಬೆರೆಸಿದರೆ ಅದು ತೆಳ್ಳಗಾಗುತ್ತದೆ, ಇಲ್ಲವಾಗುವುದಿಲ್ಲ.

ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ದಶಾಂಶ ನಾರ್ಮಲ್ ಡೈಕ್ರೋಮೇಟ್ ದ್ರಾವಣದ ಒಂದು ಲೀಟರಿನಲ್ಲಿ 4.9 ಗ್ರಾಂ ಲವಣವಿರುತ್ತದೆ. ಅದರಲ್ಲಿ ಕ್ರೋಮಿಯಂ ಭಾಗ ಸುಮಾರು 1.7 ಗ್ರಾಂ. ಒಬ್ಬ ವಿದ್ಯಾರ್ಥಿಯು ಬ್ಯುರೆಟ್ಟಿನಲ್ಲಿ ಉಳಿದ ಕೇವಲ 10 ಮಿಲಿಲೀಟರನ್ನು ತೊಟ್ಟಿಗೆ ಬಿಟ್ಟನೆನ್ನಿ. ಅದರಲ್ಲಿರುವ ಕ್ರೋಮಿಯಂ 17 ಮಿಲಿಗ್ರಾಂ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರೊಂದರಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ ಮೀರಕೂಡದು. ಅಂದಮೇಲೆ ಆ ಒಂದು ಗುಟುಕಿನಷ್ಟು ದ್ರಾವಣವು 340 ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲುದು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 23 ಕೊಡ! ಅರವತ್ತು ಜನರ ತರಗತಿಯಾದರೆ ಒಂದೇ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್ ದಾಟುತ್ತದೆ. ಸೀಸಕ್ಕೆ ಈ ಮಿತಿ 0.01, ಪಾದರಸಕ್ಕೆ 0.001 ಮಿಲಿಗ್ರಾಂ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಇಲ್ಲಿ ಭಯ ಹುಟ್ಟಿಸುವಂತೆ ನಿಜವಾಗುತ್ತದೆ.

ನಮ್ಮ ನಾಲ್ಕು ತಾಲೂಕುಗಳ ಸೀಮೆಯು ಕೆರೆಗಳ ಸೀಮೆ. ಹಾನಗಲ್ಲಿಗೆ ಆನೆಕೆರೆಯಿದೆ, ಸವಣೂರಿಗೆ ಮೋತಿ ತಲಾಬಿದೆ, ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ, ಆ ಕಡೆಯಲ್ಲಿಯೇ ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆಯೂ ಇದೆ. ಹಾನಗಲ್ಲಿನ ಭತ್ತ, ಸವಣೂರಿನ ವೀಳ್ಯದೆಲೆ ಎಲ್ಲವೂ ಈ ನೀರಿನ ಮಕ್ಕಳೇ. ಒಳಚರಂಡಿಯಿಲ್ಲದ ಕಟ್ಟಡದಲ್ಲಿ ತೊಟ್ಟಿಯ ಕೊಳವೆಯು ಹಿತ್ತಿಲ ಇಂಗುಗುಂಡಿಗೋ ತೆರೆದ ಗಟಾರಕ್ಕೋ ಸೇರುತ್ತದೆ. ಗುಂಡಿಯಲ್ಲಿ ಇಂಗಿದುದು ನೆಲದಡಿಯ ಕಲ್ಲಿನ ಬಿರುಕು ಹಿಡಿದು ಕೊಳವೆಬಾವಿಯ ಕಡೆಗೆ ಸಾಗಬಹುದು. ಗಟಾರದಲ್ಲಿ ಹರಿದುದು ಹಳ್ಳಕ್ಕೆ, ಹಳ್ಳದಿಂದ ವರದೆಗೆ, ಗಳಗನಾಥದ ಬಳಿ ತುಂಗಭದ್ರೆಗೆ ಸೇರಬಹುದು. ನಗರದ ಪ್ರಯೋಗಶಾಲೆಯ ತಪ್ಪು ದೂರದವರ ಪಾಲಾದರೆ, ನಮ್ಮ ತಪ್ಪು ನಮ್ಮ ಕೊಡಕ್ಕೇ ಮರಳುತ್ತದೆ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಗಳುಂಟು. ಜಪಾನಿನ ಮಿನಮಾಟದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ನೀರಿನ ಪಾದರಸವು ಮೀನನ್ನು ಸೇರಿ, ಮೀನಿನಿಂದ ಜನರನ್ನು ಸೇರಿ, ನರಗಳನ್ನು ಕೆಡಿಸಿತು. ಆ ರೋಗವು ಬೆಳಕಿಗೆ ಬಂದುದು 1956ರಲ್ಲಿ. ನಮ್ಮ ದೇಶದಲ್ಲಿಯೇ, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಯಂತ್ರವೊಂದನ್ನು 2010ರಲ್ಲಿ ಗುಜರಿಗೆ ಹರಾಜು ಹಾಕಿದರು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಧಾತುವಿತ್ತು. ಮಾಯಾಪುರಿಯ ಗುಜರಿ ಪೇಟೆಯಲ್ಲಿ ಅದನ್ನು ಒಡೆದವರಿಗೆ ಅದೇನೆಂದು ತಿಳಿದಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕನು ಪ್ರಾಣ ತೆತ್ತನು. ಅದು ವಿಕಿರಣದ ಮಾತಾದರೂ ಪಾಠವು ರಾಸಾಯನಿಕಗಳಿಗೂ ಸಲ್ಲುವುದು. ವಿದ್ಯಾವಂತರು ಮರೆತುಬಿಟ್ಟುದನ್ನು ಅರಿಯದ ಬಡವರು ಕೈಯಲ್ಲಿ ಹಿಡಿಯುತ್ತಾರೆ. ನಮ್ಮಂಥ ಕಾಲೇಜುಗಳಲ್ಲಿ ತೊಟ್ಟಿಯನ್ನು ತಿಕ್ಕುವವರೂ ಹಳೆಯ ಸೀಸೆಗಳನ್ನು ಎತ್ತಿ ಹಾಕುವವರೂ ಯಾರೆಂಬುದನ್ನು ನೆನೆದರೆ ಇದು ವಿಜ್ಞಾನದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದೆಂದು ನನಗೆ ತೋರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲುಗಳುಂಟು.

ಮೊದಲನೆಯದು, ಕಡಿಮೆ ಮಾಡುವುದು. ಹುಟ್ಟದ ಕಸವನ್ನು ಗುಡಿಸಬೇಕಾಗಿಲ್ಲ. ಫ್ರಿಟ್ಸ್ ಫೈಗಲ್ ಎಂಬ ವಿಜ್ಞಾನಿಯು ಬೆಳೆಸಿದ ಬಿಂದು ಪರೀಕ್ಷೆಯ ಕ್ರಮದಲ್ಲಿ ಒಂದೆರಡು ಹನಿಗಳಿಂದಲೇ ಲವಣದ ಗುರುತು ಸಿಗುತ್ತದೆ. ದೊಡ್ಡ ಬ್ಯುರೆಟ್ಟಿನ ಬದಲು ಚಿಕ್ಕದು, ದಶಾಂಶ ದ್ರಾವಣದ ಬದಲು ಇನ್ನೂ ತೆಳು ದ್ರಾವಣ ಸಾಕು. ಖರ್ಚೂ ಉಳಿಯುತ್ತದೆ.

ಎರಡನೆಯದು, ಬೇರೆಬೇರೆಯಾಗಿ ಕೂಡಿಡುವುದು. ಆಮ್ಲ-ಪ್ರತ್ಯಾಮ್ಲ, ಭಾರಲೋಹ, ಕ್ಲೋರಿನ್ ಉಳ್ಳ ದ್ರಾವಕ, ಕ್ಲೋರಿನ್ ಇಲ್ಲದ ದ್ರಾವಕ, ಪಾದರಸ ಇವಕ್ಕೆ ಪ್ರತ್ಯೇಕ ಡಬ್ಬಿಗಳು ಬೇಕು; ಡಬ್ಬಿಯ ಮೇಲೆ ಕನ್ನಡದಲ್ಲಿ ಹೆಸರು ಮತ್ತು ತಾರೀಖು ಇರಬೇಕು. ಬೆರಕೆಯು ಎಷ್ಟೋ ಸಲ ಮೂಲಕ್ಕಿಂತ ಘೋರವಾದುದು. ಸಲ್ಫೈಡಿಗೆ ಆಮ್ಲ ಬಿದ್ದರೆ ಕೊಳೆತ ತತ್ತಿಯ ನಾತದ ವಿಷವಾಯು ಏಳುತ್ತದೆ. ನೈಟ್ರಿಕ್ ಆಮ್ಲಕ್ಕೆ ಮದ್ಯಸಾರವೋ ಅಸಿಟೋನೋ ಸೇರಿದರೆ ಡಬ್ಬಿಯೇ ಸಿಡಿಯಬಹುದು. ಟಾಲೆನ್ಸ್ ದ್ರಾವಣವನ್ನು ಇಟ್ಟುಕೊಳ್ಳಲೇಬಾರದು. ಹಳತಾದರೆ ಅದರಲ್ಲಿ ಸಿಡಿಯುವ ಬೆಳ್ಳಿಯ ಸಂಯುಕ್ತ ಹುಟ್ಟುವುದರಿಂದ ಅಂದಿನದನ್ನು ಅಂದೇ ದುರ್ಬಲ ಆಮ್ಲದಿಂದ ಕೆಡಿಸಬೇಕು. ದ್ರಾವಕಗಳನ್ನು ಹಿತ್ತಿಲಲ್ಲಿ ಸುಡುವುದೂ ಸಲ್ಲದು. ಕ್ಲೋರೋಫಾರ್ಮ್ ಉರಿದರೆ ಫಾಸ್ಜೀನ್ ಎಂಬ ವಿಷಾನಿಲವಾಗಬಹುದು.

ಮೂರನೆಯದು, ಸಾಧ್ಯವಾದುದನ್ನು ನಿರುಪದ್ರವಿಯಾಗಿಸುವುದು. ಇಲ್ಲಿ ನಮ್ಮ ಪಠ್ಯದ ರಸಾಯನಶಾಸ್ತ್ರವೇ ನೆರವಿಗೆ ಬರುತ್ತದೆ. ಉಳಿದ ಆಮ್ಲಕ್ಕೆ ಅಡಿಗೆಯ ಸೋಡವನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವಾಗಿ ಹಾಕಿದರೆ ಸಾಕು. ಡೈಕ್ರೋಮೇಟಿಗೆ ಕೊಂಚ ಗಂಧಕಾಮ್ಲ ಬೆರೆಸಿ, ಅನ್ನಭೇದಿಯನ್ನು ಹಾಕುತ್ತ ಕದಡಿದರೆ ಕಿತ್ತಳೆಯ ಬಣ್ಣ ಹೋಗಿ ಹಸಿರು ಬರುತ್ತದೆ. ಹೆಚ್ಚು ವಿಷವಾದ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯಿತೆಂದು ಅದರ ಅರ್ಥ. ಬಳಿಕ ಸುಣ್ಣದ ತಿಳಿ ಸೇರಿಸಿ ಪಿ.ಎಚ್. ಎಂಟು-ಒಂಬತ್ತಕ್ಕೆ ತಂದರೆ ಕ್ರೋಮಿಯಂ ಗಷ್ಟಾಗಿ ತಳಕ್ಕೆ ಕೂಡುತ್ತದೆ. ರಾತ್ರಿ ಕಳೆದ ಮೇಲೆ ಸೋಸಿ, ತಿಳಿಯನ್ನು ಡೈಫಿನೈಲ್ ಕಾರ್ಬಜೈಡಿನಿಂದ ಪರೀಕ್ಷಿಸಬೇಕು. ನೇರಳೆ ಬಣ್ಣ ಕಾಣಿಸದಿದ್ದರೆ ಆರು ವೇಲೆನ್ಸಿಯದು ಉಳಿದಿಲ್ಲವೆಂದು ತಿಳಿಯಬಹುದು. ಅಧ್ಯಾಪಕರ ಎದುರಿನಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ ಒಂದು ಬಕೀಟಿನಷ್ಟು ನೀರಿಗೆ ನಾವು ನಾಲ್ವರು ಇದನ್ನು ಮಾಡಿ ನೋಡಿದೆವು. ತಳದಲ್ಲಿ ಕುಳಿತ ಗಷ್ಟು ಒಣಗಿದ ಮೇಲೆ ಒಂದು ಹಿಡಿಯಾಯಿತು. ಬಕೀಟಿನ ವಿಷವು ಹಿಡಿಯೊಳಗೆ ಬಂದುದನ್ನು ಕಂಡಾಗ ಆದ ಸಂತೋಷವು ಪರೀಕ್ಷೆಯ ಅಂಕಗಳಿಗೆ ಕಡಿಮೆಯದಲ್ಲ.

ನಾಲ್ಕನೆಯದು, ಉಳಿದುದನ್ನು ಸರಿಯಾದ ಸ್ಥಳಕ್ಕೆ ಕಳಿಸುವುದು. ಆ ಹಿಡಿ ಗಷ್ಟನ್ನು, ಸೀಸದ ಗಷ್ಟನ್ನು, ಒಡೆದ ಉಷ್ಣಮಾಪಕದ ಪಾದರಸವನ್ನು ಮಣ್ಣಿನಲ್ಲಿ ಹೂಳಿದರೆ ಮತ್ತೆ ಮೊದಲಿಗೇ ಬಂದಂತಾಯಿತು. ಭೋಪಾಲದ 1984ರ ದುರಂತದ ಅನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯದೆಯೂ, ಅದರಡಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳೂ ಬಂದವು. ಅವುಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದವು. ಇವುಗಳ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮಂಡಳಿಯ ಒಪ್ಪಿಗೆ ಪಡೆದ ಸ್ಥಳಕ್ಕೇ ಕಳಿಸಬೇಕು. ನಮ್ಮ ರಾಜ್ಯದಲ್ಲಿ ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯಲ್ಲಿ ಇದಕ್ಕಾಗಿ ಭದ್ರವಾದ ಹೂಳುನೆಲವನ್ನು ನಿರ್ಮಿಸಲಾಯಿತು. ಶಿಗ್ಗಾಂವಿಯ ಮೇಲೆ ಹಾಯುವ ಹೆದ್ದಾರಿಯೇ ಅಲ್ಲಿಗೂ ಹೋಗುತ್ತದೆ.

ತೊಡಕಿರುವುದು ಇಲ್ಲಿಯೇ. ಒಂದು ಚಿಕ್ಕ ಕಾಲೇಜಿನ ಎರಡು ಮೂರು ಕಿಲೋ ಗಷ್ಟಿಗಾಗಿ ಅಷ್ಟು ದೂರದಿಂದ ವಾಹನ ಬರುವುದು ಕಷ್ಟ. ಆದುದರಿಂದ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ವಿದ್ಯಾಸಂಸ್ಥೆಗಳು ಕೂಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಲಹೆ ಪಡೆದು, ಒಂದೇ ವಾಹನಕ್ಕೆ ಸರದಿ ಗೊತ್ತುಮಾಡಿಕೊಳ್ಳಬಾರದೇಕೆ? ಕ್ರೀಡೆಗೆ, ನಾಟಕಕ್ಕೆ, ಚರ್ಚಾಸ್ಪರ್ಧೆಗೆ ಒಂದಾಗುವ ಕಾಲೇಜುಗಳು ನೀರಿಗಾಗಿ ಒಂದಾಗಲಾರವೇ? ಅದಾಗುವವರೆಗೆ ಕಡಿಮೆ ಮಾಡುವ, ಬೇರ್ಪಡಿಸುವ, ನಿರುಪದ್ರವಿಯಾಗಿಸುವ ಮೂರು ಕೆಲಸಗಳಿಗೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅಧ್ಯಾಪಕರ ಮಾರ್ಗದರ್ಶನವೊಂದಿದ್ದರೆ ಸಾಕು. ದಾಸ್ತಾನು ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಟ್ಟು, ಹೊರಗೆ ಹೋದುದನ್ನೂ ಬರೆಯಲಾರಂಭಿಸೋಣ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇದು ಮೇಲಲ್ಲವೇ?